ಮೂಡಲಗಿಯ ಓಣಿಯಲ್ಲಿ ನಿಲ್ಲದ ಬ್ಯಾಂಡು

೧೯೩೮ರಲ್ಲಿ ನಾನು ಗೋಕಾಕದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕನಾಗಿದ್ದೆ. ಹಗಲು ಹಾರ್ಮೋನಿಯಂ ಮುಂದಿಟ್ಟುಕೊಂಡು ಹುಡುಗರಿಗೆ ಸ್ವರ ಹೇಳಿಕೊಡುವುದು, ಸಂಜೆ ಅದೇ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಊರ ಬ್ಯಾಂಡಿಗೆ ತಾಲೀಮು ಮಾಡಿಸುವುದು, ಇದು ನನ್ನ ಕೆಲಸ. ಧಾರವಾಡದಲ್ಲಿ ಓದಿ, ತತ್ವಶಾಸ್ತ್ರ ತೆಗೆದುಕೊಂಡು ಬಿ.ಎ. ಪಾಸಾಗಿದ್ದೆ. ನನ್ನ ಓರಗೆಯವರು ಕಚೇರಿ, ಕೋರ್ಟುಗಳಲ್ಲಿ ಸೇರಿಕೊಂಡಿದ್ದರು. ಬೀಗರ ಎದುರು ನನ್ನ ಉದ್ಯೋಗ ಹೇಳಬೇಕಾದಾಗಲೆಲ್ಲ ನಮ್ಮ ಕಾಕಾ ಒಮ್ಮೆ ಕೆಮ್ಮಿ, "ಅಂವಾ ಬಿ.ಎ. ಆಗ್ಯಾನರಿ. ಸದ್ಯ ಮಂದೀಗೆ ಪೀಪಿ ಊದಾಕ ಕಲಸ್ತಾನ" ಎಂದು ಮಾತು ಮುಗಿಸುತ್ತಿದ್ದರು.

ಆ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನದ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಕಥೆ ನುಣುಪಾಗುತ್ತ ಹೋಗಿದೆ, ಹೀಗಾಗಿ ನನಗೇ ಅದರ ಮೇಲೆ ಅನುಮಾನ. ಡೈರಿ ಬರೆಯುವ ಅಭ್ಯಾಸವಿತ್ತು, ಆದರೆ ಆ ದಿನದ ಪುಟದಲ್ಲಿ "ಮೂಡಲಗಿ. ವಿಪರೀತ ಬಿಸಿಲು. ಕೈ ನೋವು" ಎಂದಷ್ಟೇ ಇದೆ. ಆದ್ದರಿಂದ ಖಚಿತವಿದ್ದದ್ದನ್ನು ಖಚಿತವಾಗಿ ಬರೆದು, ಉಳಿದದ್ದನ್ನು ಅನುಮಾನವೆಂದೇ ಬಿಡುತ್ತೇನೆ.

ನಮ್ಮ ಬ್ಯಾಂಡು ಹುಟ್ಟಿದ್ದು ಬೆಳಗಾವಿಯ ದಂಡಿನಿಂದ. ಅಲ್ಲಿಯ ಪಲ್ಟಣಿನವರು ಹಳೆಯ ವಾದ್ಯಗಳನ್ನು ಹರಾಜಿಗೆ ಹಾಕಿದಾಗ ಊರಿನ ವ್ಯಾಪಾರಸ್ಥರು ಪಟ್ಟಿ ಎತ್ತಿ, ಅಂದರೆ ವಂತಿಗೆ ಕೂಡಿಸಿ, ಒಂದು ಗಾಡಿ ತುಂಬ ಕೊಂಡುತಂದರು. ಎರಡು ಕ್ಲಾರಿನೆಟ್, ಒಂದಷ್ಟು ಪಿತ್ತಾಳೆ ತುತ್ತೂರಿಗಳು, ಸಣ್ಣ ಡ್ರಮ್ಮು, ಝಾಂಜು ಎಂಬ ದೊಡ್ಡ ತಾಳಗಳು, ಮತ್ತೆ ಎದೆಗೆ ಕಟ್ಟಿಕೊಂಡು ಎರಡೂ ಬದಿಗೆ ಬಾರಿಸುವ ದೊಡ್ಡ ಡ್ರಮ್ಮು. ಹಾಡಿನ ಧಾಟಿ ನುಡಿಸುತ್ತಿದ್ದದ್ದು ಕ್ಲಾರಿನೆಟ್ ಮಾತ್ರ. ತುತ್ತೂರಿಗಳದ್ದು ಅದಕ್ಕೆ ತುಂಬು ಕೊಡುವ ಕೆಲಸ. ದಂಡಿನ ಬ್ಯಾಂಡಿನಿಂದ ನಿವೃತ್ತನಾದ ಒಬ್ಬ ಹವಾಲ್ದಾರನ ಹತ್ತಿರ ನಾನು ಎರಡು ರಜೆಗಳಲ್ಲಿ ಹೋಗಿ ಕಲಿತು ಬಂದು, ಇವರಿಗೆ ಕಲಿಸಿದೆ. ಕಟ್ಟಿಗೆಯ ಆಟಿಕೆಗಳಿಗೆ ಬಣ್ಣ ಹಾಕುವವರು, ಹಮಾಲರು, ಒಬ್ಬ ದರ್ಜಿ, ಹೀಗೆ ಕೂಡಿದ ಮಂದಿ. ನೊಟೇಶನ್ ಓದಲು ಯಾರಿಗೂ ಬರುತ್ತಿರಲಿಲ್ಲ. ನನ್ನ ಕೈ ನೋಡಿ, ಕಿವಿಯಿಂದ ಕಲಿತರು.

ಕ್ಲಾರಿನೆಟ್ ಹಿಡಿದವರಲ್ಲಿ ಒಬ್ಬ ಶಂಕ್ರಪ್ಪ, ಆಟಿಕೆ ಮಾಡುವವ. ಇನ್ನೊಬ್ಬ ಮೇಲವಂಕಿಯ ಭೀಮಪ್ಪ. ಅವನದು ಕುರಿ ಸಾಕುವ ಮನೆತನ. ತಂದೆ ಒಳ್ಳೆಯ ಡೊಳ್ಳಿನವ. ಇವನು ಕುರಿ ಬಿಟ್ಟು ಗೋಕಾಕಕ್ಕೆ ಬಂದು ಹತ್ತಿ ಹಿಂಜುವ ಜಿನ್ನು ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ಅವನ ಹಾಗೆ ಸ್ವರ ಹಿಡಿಯುವವನನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ. ಆದರೆ ಹತ್ತಿಯ ಧೂಳು ಎದೆಗೆ ಇಳಿದಿತ್ತು. ಚಳಿಗಾಲದಲ್ಲಿ ಒಂದು ದಿನ ತಾಲೀಮಿನ ನಡುವೆ ಗೋಡೆ ಹಿಡಿದು ಕುಳಿತವನನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ಎದೆಗೆ ಕಿವಿಗೊಳವೆ ಇಟ್ಟು ನೋಡಿ ನನಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಇದು ದಮ್ಮು. ಒಳಗೆ ಹೋದ ಗಾಳಿ ಇವನಿಗೆ ಹೊರಗೆ ಬರುವುದೇ ಕಷ್ಟ. ಊದುವುದಾದರೆ ಸ್ವಲ್ಪ ಊದಲಿ, ನಡುನಡುವೆ ವಿಶ್ರಾಂತಿ ಬೇಕು. ಒಂದೇ ಸಮನೆ ಊದಿದರೆ ಒಂದು ದಿನ ಊದುತ್ತಲೇ ಬೀಳುತ್ತಾನೆ.

ಅಲ್ಲಿಂದ ಬಂದ ಮೇಲೆ ನಾನು ಬ್ಯಾಂಡಿಗೆ ಒಂದು ಹೊಸ ಪಾಠ ಹೇಳಿಕೊಟ್ಟೆ. ಅದಕ್ಕೆ ಪಾಳಿ ಉಸಿರು ಎಂದು ಹೆಸರಿಟ್ಟಿದ್ದೆ. ಇಬ್ಬರು ಒಂದೇ ಸ್ವರ ಹಿಡಿದಾಗ, ಒಬ್ಬ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇನ್ನೊಬ್ಬ ಸ್ವರ ಬಿಡಬಾರದು. ಅವನು ತೆಗೆದುಕೊಳ್ಳುವಾಗ ಇವನು ಬಿಡಬಾರದು. ಕೇಳುವವರಿಗೆ ಧಾಟಿ ಎಲ್ಲಿಯೂ ಕಡಿದಂತೆ ಅನ್ನಿಸುವುದಿಲ್ಲ. ಭೀಮಪ್ಪನಿಗೆ ವಿಶ್ರಾಂತಿ ಸಿಗಲಿ ಎಂದು ಮಾಡಿದ ಉಪಾಯ ಅದು. ಆದರೆ ಕೆಲವೇ ತಿಂಗಳಲ್ಲಿ ಅದು ನಮ್ಮ ಬ್ಯಾಂಡಿನ ಹೆಗ್ಗಳಿಕೆಯಾಯಿತು. ಗೋಕಾಕದವರ ಬ್ಯಾಂಡು ಉಸಿರೇ ತೆಗೆದುಕೊಳ್ಳುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಮಾತು ಹಬ್ಬಿತು.

ಆ ಮಾತು ನಮ್ಮ ಶಾಲಾ ಕಮಿಟಿಯ ಚೇರ್ಮನ್ನರಾದ ಸಾವಕಾರ ಬಸಲಿಂಗಪ್ಪನವರ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ನನ್ನನ್ನು ಅಂಗಡಿಗೆ ಕರೆಸಿ ಗಾದಿಯ ಮೇಲೆ ಕೂಡ್ರಿಸಿಕೊಂಡರು.

"ಮಾಸ್ತರ್ರ, ನಮ್ಮ ಹಿರಿ ಮಗನ ಲಗ್ನ ಮೂಡಲಗ್ಯಾಗ ಹಿಡದೇವಿ. ವರಾತಕ್ಕ ನಿಮ್ಮ ಬ್ಯಾಂಡ ಬೇಕು."

ವರಾತವೆಂದರೆ ಮದುಮಗನನ್ನು ಊರಲ್ಲಿ ಮೆರೆಸಿ ಹೆಣ್ಣಿನ ಮನೆಗೆ ಕರೆದುಕೊಂಡು ಹೋಗುವ ಮೆರವಣಿಗೆ. ಬಿಸಿಲಿನಲ್ಲಿ ಉದ್ದದ ನಡಿಗೆ. ಭೀಮಪ್ಪನ ಎದೆಯ ವಿಷಯ ಹೇಳಿ, ಬೇರೆ ಬ್ಯಾಂಡು ನೋಡಿದರೆ ಹೇಗೆ ಎಂದೆ. ಸಾವಕಾರರು ನಕ್ಕರು.

"ದಮ್ಮ ಇದ್ದಾವನ ಊದತಾನ್ರಿ, ಇಲ್ಲದಾವ ಏನ ಊದ್ಯಾನು?" ಆಮೇಲೆ ದನಿ ತಗ್ಗಿಸಿ, "ನೋಡ್ರಿ, ಕಮಿಟ್ಯಾಗ ಮಂದಿ ಕೇಳಾಕತ್ತಾರ, ಸಾಲ್ಯಾಗ ಸಂಗೀತ ಯಾಕ ಬೇಕು, ಆ ತಾಸಿನ್ಯಾಗ ಗಣಿತ ಹಾಕ್ರಿ ಅಂತ. ನಾ ಅಂದೇನಿ, ಲಗ್ನಕ್ಕ ಬರ್ರಿ, ಬ್ಯಾಂಡ ಕೇಳ್ರಿ, ಆಮ್ಯಾಲ ಮಾತಾಡೂಣು ಅಂತ. ಈಗ ಎಲ್ಲಾ ನಿಮ್ಮ ಕೈಯಾಗ ಐತಿ" ಎಂದರು.

ಅವರು ಕೆಟ್ಟ ಮನುಷ್ಯರಲ್ಲ. ಸಂಗೀತದ ಹುದ್ದೆಯನ್ನು ಅವರೇ ಹಟ ಹಿಡಿದು ಹುಟ್ಟಿಸಿದ್ದರು. ಅಂದು ಅವರು ಹೆದರಿಸಿರಬಹುದು, ಇದ್ದ ಸಂಗತಿಯನ್ನೇ ಹೇಳಿರಬಹುದು. ನನಗೆ ಕೇಳಿಸಿದ್ದು ಬಾಗಿಲು ಹಾಕಿದ ಸಪ್ಪಳ ಮಾತ್ರ. ಈ ಸೀಮೆಯಲ್ಲಿ ಸಂಗೀತಕ್ಕೆ ಸಂಬಳ ಕೊಡುವ ಇನ್ನೊಂದು ಶಾಲೆ ನನಗೆ ಗೊತ್ತಿರಲಿಲ್ಲ.

ಭೀಮಪ್ಪನನ್ನು ಬಿಟ್ಟು ಶಂಕ್ರಪ್ಪನೊಬ್ಬನನ್ನೇ ಕರೆದುಕೊಂಡು ಹೋಗಲು ನೋಡಿದೆ. ಭೀಮಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತ.

"ಮಾಸ್ತರ, ನನ್ನ ಬಿಟ್ಟು ಹೋದ್ರ ಮಂದಿ ಏನಂತಾರ? ಕುರುಬರ ಭೀಮ್ಯಾ ಮುದಿ ಆಡ ಆದ ಅಂತಾರ."

"ಡಾಕ್ಟರ ಹೇಳಿದ್ದು ನೆನಪೈತೇನಪಾ?"

"ಐತ್ರಿ. ಪಾಳಿ ಮ್ಯಾಲ ಊದತೀನಲ್ಲ. ಶಂಕ್ರಣ್ಣ ಇರತಾನ. ಅಂವಾ ಊದುವಾಗ ನಾ ಆರಾಮ ನಿಂತಿರತೇನಿ, ನಿಂತಾವನ ನೋಡಿ ಹೆಂಗಸರು ಇಂವಾ ಎಷ್ಟ ಚಂದ ಊದತಾನ ಅಂತಿರತಾರ."

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಹೀಗೆ ನಾವು ಹೊರಟೆವು.

ಕಲ್ಲೋಳಿಯ ಹಾದಿಯಲ್ಲಿ ಚಕ್ಕಡಿಗಳಲ್ಲಿ ಹೋಗಿ ಮೂಡಲಗಿ ಮುಟ್ಟುವಷ್ಟರಲ್ಲಿ ಹೊತ್ತು ಏರಿತ್ತು. ಗಂಡಿನವರ ಬಿಡಾರದಲ್ಲಿ ಊಟ ಮಾಡಿ, ನೆರಳಲ್ಲಿ ವಾದ್ಯ ಒರೆಸಿಕೊಂಡು ನಿಂತೆವು. ಅಕ್ಕಿಕಾಳು, ಅಂದರೆ ಮದುಮಕ್ಕಳ ಮೇಲೆ ಅಕ್ಷತೆ ಹಾಕುವ ಮುಹೂರ್ತ, ಇಳಿಹೊತ್ತಿಗೆ ಇತ್ತು. ವರಾತ ಹೊರಟಿತು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಶಂಕ್ರಪ್ಪ, ಭೀಮಪ್ಪ ಇಬ್ಬರೂ ಪಾಳಿ ತಪ್ಪದೆ ಊದುತ್ತಿದ್ದರು. ಸಾವಕಾರರು ಒಂದೆರಡು ಸಲ ಬ್ಯಾಂಡಿನ ಕಡೆ ನೋಡಿ, ಪಕ್ಕದ ಕಮಿಟಿ ಸದಸ್ಯರಿಗೆ ಏನೋ ಹೇಳಿದರು.

ಹೆಣ್ಣಿನ ಮನೆಗೆ ಹೋಗುವ ಓಣಿ ಸಣ್ಣದು. ಎರಡೂ ಕಡೆ ಎತ್ತರದ ಮಣ್ಣಿನ ಗೋಡೆ. ಅದರ ನಡುವೆ ಬಂದಾಗ ಎದುರಿನ ತಿರುವಿನಿಂದ ಇನ್ನೊಂದು ಡ್ರಮ್ಮಿನ ಸದ್ದು ಕೇಳಿತು. ಅದೇ ದಿನ, ಅದೇ ಮುಹೂರ್ತಕ್ಕೆ ಕಣಗಲಾ ಎಂಬ ಊರಿನ ಒಂದು ವರಾತ ಬಂದಿತ್ತು. ಅವರ ಮುಂದೆ ಹುಕ್ಕೇರಿಯ ಬ್ಯಾಂಡು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಎರಡು ವರಾತ ಒಂದೇ ಓಣಿಯಲ್ಲಿ ಎದುರಾದರೆ ಯಾರೂ ತಾವಾಗಿ ಸರಿಯುವುದಿಲ್ಲ. ಬ್ಯಾಂಡುಗಳು ನಿಂತಲ್ಲೇ ನಿಂತು ನುಡಿಸುತ್ತವೆ. ಯಾರ ವಾದ್ಯ ಮೊದಲು ನಿಲ್ಲುತ್ತದೆಯೋ ಅವರ ವರಾತ ಗೋಡೆಗೆ ಸರಿದು ಇನ್ನೊಬ್ಬರಿಗೆ ಹಾದಿ ಬಿಡಬೇಕು. ಹಾದಿ ಬಿಟ್ಟ ಮನೆತನಕ್ಕೆ ಆ ಮಾತು ಬಹಳ ವರ್ಷ ಅಂಟಿಕೊಳ್ಳುತ್ತದೆ. ಆ ಮನೆಯ ಮುಂದಿನ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲೇ ಅದನ್ನು ಎತ್ತಿ ಆಡುತ್ತಾರೆ. ಇದನ್ನು ನಾನು ಕೇಳಿದ್ದೆ. ಎದುರಿಸಿದ್ದು ಅದೇ ಮೊದಲು.

ಹತ್ತು ಮಾರು ಅಂತರದಲ್ಲಿ ಎರಡು ಬ್ಯಾಂಡು ನಿಂತವು. ನಮ್ಮ ಹಿಂದೆ ಮದುಮಗನ ಕುದುರೆ, ಅದರ ಹಿಂದೆ ಜನ, ಜನರ ಹಿಂದೆ ಚಕ್ಕಡಿ. ಅವರ ಹಿಂದೆಯೂ ಅಷ್ಟೇ. ಹಿಂದೆ ಹೋಗುವ ದಾರಿ ಯಾರಿಗೂ ಇರಲಿಲ್ಲ. ಮಾಳಿಗೆಗಳ ಮೇಲೆ ಹೆಂಗಸರು, ಮಕ್ಕಳು ಬಂದು ಕೂತರು. ಒಬ್ಬ ಅಜ್ಜಿ ಮೇಲಿನಿಂದ ಕೂಗಿದಳು: "ಗೋಕಾಕದವರು ಕರದಂಟ ತಿಂದ ಬಂದಾರೇನ ನೋಡ್ರೆ, ಪೀಪಿ ಬಾಯಿಗಿ ಅಂಟಾಕತ್ತೈತಿ." ನಮ್ಮ ಕಡೆಯವನೊಬ್ಬ ಬಿಡಲಿಲ್ಲ: "ಹುಕ್ಕೇರಿ ಡ್ರಮ್ಮ ಕೇಳಬೇ ಆಯಿ, ಹಸದಾವ ಹೊಟ್ಟಿ ಬಡಕೊಂಡಂಗ ಐತಿ." ಮೊದಮೊದಲು ಎಲ್ಲ ತಮಾಷೆಯೇ.

ನಾವು ದಂಡಿನ ನಡಿಗೆಯ ಧಾಟಿ ನುಡಿಸಿದೆವು. ಅವರು ಅದಕ್ಕಿಂತ ಬಿರುಸಿನದು ತೆಗೆದರು. ನಾವು ಭಜನೆಯ ಧಾಟಿಗೆ ಬಂದೆವು. ಅವರು ಲಾವಣಿಗೆ ಹೋದರು. ಎರಡೂ ಸದ್ದು ಗೋಡೆಗಳ ನಡುವೆ ಸಿಕ್ಕು, ಯಾವುದು ಯಾರದೆಂದು ತಿಳಿಯದ ಹಾಗೆ ತಲೆಯೊಳಗೆ ಗುಯ್ಯೆನ್ನುತ್ತಿತ್ತು. ಎಷ್ಟು ಹೊತ್ತು ಹೀಗೆ ನಡೆಯಿತು? ಹೇಳುವಾಗ ನಾನು ಎರಡು ತಾಸು ಎಂದು ಹೇಳುತ್ತ ಬಂದಿದ್ದೇನೆ. ಅಷ್ಟಿರಲಾರದು. ಗೋಡೆಯ ನೆರಳು ನನ್ನ ಕಾಲಿನಿಂದ ಮೊಣಕಾಲಿನವರೆಗೆ ಬಂದಿತ್ತು ಎಂಬುದಷ್ಟೇ ಸರಿಯಾಗಿ ನೆನಪಿದೆ.

ಆಗ ಶಂಕ್ರಪ್ಪನ ಕ್ಲಾರಿನೆಟ್ ಕಿರ್ರೆಂದಿತು. ಬಾಯಿಗೆ ತಾಗುವ ಬಿದಿರಿನ ತೆಳು ಪಟ್ಟಿ, ನಾವು ರೀಡ್ ಎನ್ನುವುದು, ಉದ್ದಕ್ಕೆ ಸೀಳಿತ್ತು. ಬೇರೆ ರೀಡ್ ಇದ್ದ ಚೀಲ ಬಿಡಾರದಲ್ಲಿ ಉಳಿದಿತ್ತು. ಅದನ್ನು ತರಲು ಆ ಜನರನ್ನು ದಾಟಿ ಹೋಗುವುದು ಆಗದ ಮಾತು. ಶಂಕ್ರಪ್ಪ ವಾದ್ಯ ಕೆಳಗಿಳಿಸಿ ನನ್ನ ಮುಖ ನೋಡಿದ. ಪಾಳಿ ಮುರಿಯಿತು. ಇನ್ನು ಧಾಟಿ ಹೊತ್ತವನು ಭೀಮಪ್ಪನೊಬ್ಬನೇ.

ಅವನು ಸಣ್ಣ ಸಣ್ಣ ಗುಟುಕಿನ ಹಾಗೆ ಉಸಿರು ಎಳೆದುಕೊಂಡು ಊದಲು ತೊಡಗಿದ. ಮೊದಲು ಕುತ್ತಿಗೆಯ ನರ ಉಬ್ಬಿದವು. ಆಮೇಲೆ ತುಟಿಯ ಸುತ್ತ ಬಣ್ಣ ಬದಲಾಯಿತು. ಕಪ್ಪು ಮೈಬಣ್ಣದವನ ತುಟಿ ಬೂದಿಯಾಗುವುದನ್ನು ನಾನು ನಾಲ್ಕು ಹೆಜ್ಜೆ ದೂರದಿಂದ ಕಂಡೆ. ಊದುತ್ತಲೇ ಬೀಳುತ್ತಾನೆ ಎಂದಿದ್ದ ಡಾಕ್ಟರರ ಇಂಗ್ಲಿಷ್ ವಾಕ್ಯ ಪದಪದವಾಗಿ ಕಿವಿಯಲ್ಲಿ ಬಂತು.

ಸಾವಕಾರರು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ನಾನು ತಿರುಗಿ, "ಸಾವಕಾರ್ರ, ನಿಲ್ಲಸ್ತೇನ್ರಿ. ಅಂವಾ ಸಾಯತಾನ" ಎಂದೆ.

"ಸ್ವಲ್ಪ ತಡೀರಿ. ಅವರದೂ ಜೋಲಿ ಹೊಡ್ಯಾಕತ್ತೈತಿ."

"ತಡ್ಯಾಕ ಆಗೂದಿಲ್ರಿ."

ಅವರು ನನ್ನ ಮುಖ ನೋಡಲಿಲ್ಲ. ಎದುರಿನ ಬ್ಯಾಂಡನ್ನೇ ನೋಡುತ್ತ, "ಇವತ್ತ ನಮ್ಮ ಹುಡುಗ ಗ್ವಾಡಿಗೆ ಸರದ್ರ, ಕಮಿಟ್ಯಾಗ ನಾ ಬಾಯಿ ತಗ್ಯಾಕ ಬರೂದಿಲ್ಲ ಮಾಸ್ತರ್ರ. ಆಮ್ಯಾಲ ನಿಮ್ಮಿಚ್ಛೆ" ಎಂದರು.

ಎಷ್ಟು ಹೊತ್ತು ಹಿಂಜರಿದೆನೋ ಗೊತ್ತಿಲ್ಲ. ತಕ್ಷಣ ಎಂದು ಬರೆಯಲು ಆಸೆಯಾಗುತ್ತದೆ, ಬರೆಯುವುದಿಲ್ಲ. ಕೊನೆಗೆ ಕೈ ಎತ್ತಿ, ಹಾಡು ಮುಗಿಸುವಾಗ ಮಾಡುವ ಹಾಗೆ ಮುಷ್ಟಿ ಕಟ್ಟಿ ಕೆಳಗೆ ಇಳಿಸಿದೆ.

ಬ್ಯಾಂಡು ನಿಲ್ಲಲಿಲ್ಲ.

ಮತ್ತೊಮ್ಮೆ ಇಳಿಸಿದೆ. ದೊಡ್ಡ ಡ್ರಮ್ಮಿನವನು ನನ್ನ ಕೈ ನೋಡಿದ, ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ. ತುತ್ತೂರಿಯವರು ಕಣ್ಣೇ ಮುಚ್ಚಿಕೊಂಡರು. ಎರಡು ವರ್ಷ ನನ್ನ ಕೈಯನ್ನೇ ನೋಡಿ ನುಡಿಸಿದ ಮಂದಿ, ನನ್ನ ಕೈ ಇಲ್ಲವೇ ಇಲ್ಲವೆನ್ನುವಂತೆ ನುಡಿಸುತ್ತಿದ್ದರು. ಅವರ ಊರಿನ ಮಾನ ಅದು. ನಾನು ಪಗಾರದ ಮಾಸ್ತರ. ಭೀಮಪ್ಪನ ಎದುರಿಗೇ ಹೋಗಿ ನಿಂತು ಮುಷ್ಟಿ ಇಳಿಸಿದೆ. ಅವನು ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿದ. ನೋಡುತ್ತ ನೋಡುತ್ತಲೇ ಊದಿದ. ಆ ನೋಟವನ್ನು ನಾನು ಸೊಕ್ಕು ಎಂದುಕೊಂಡೆ. ಸತ್ತರೂ ಬಿಡೆ ಎಂಬ ಛಲ ಎಂದುಕೊಂಡೆ. ಅವನ ವಾದ್ಯಕ್ಕೆ ಕೈ ಹಾಕಿದೆ. ಹಿಂದಿನಿಂದ ಯಾರೋ ಇಬ್ಬರು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. "ಸುಮ್ನಿರ್ರಿ ಮಾಸ್ತರ, ಗೆಲ್ಲೂ ಆಟ ಕೆಡಸಬ್ಯಾಡ್ರಿ" ಎಂದಿತು ಒಂದು ದನಿ.

ಎಳೆದಾಟದಲ್ಲಿ ಬ್ಯಾಂಡಿನ ಮುಂದಿನ ಖಾಲಿ ಜಾಗಕ್ಕೆ ಬಂದು ಬಿದ್ದೆ. ಎರಡೂ ಬ್ಯಾಂಡುಗಳ ನಡುವೆ ಆ ಹತ್ತು ಮಾರು ನೆಲದಲ್ಲಿ ಆಗಲೇ ಒಬ್ಬರು ನಿಂತಿದ್ದರು. ಹುಕ್ಕೇರಿ ಬ್ಯಾಂಡಿನ ಮಾಸ್ತರ ದಾವಲಸಾಬರು. ಬಿಳಿ ಗಡ್ಡ, ಕೈಯಲ್ಲಿ ಕೋಲು. ಹೆಸರು ಕೇಳಿದ್ದೆ, ಮಾತಾಡಿರಲಿಲ್ಲ. ಅವರ ಪೈರಣದ, ಅಂದರೆ ಉದ್ದ ಅಂಗಿಯ, ಒಂದು ತೋಳು ಹರಿದಿತ್ತು. ಆ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು.

"ಕಾಕಾ, ನಿಮ್ಮವರನ್ನ ನಿಲ್ಲಸ್ರಿ" ಎಂದು ಒದರಿದೆ.

"ನನ್ನ ಮಾತ ಕೇಳಿದ್ರ ನಾ ಯಾಕ ಇಲ್ಲಿ ನಿಂದರತಿದ್ನೋ ತಮ್ಮಾ? ಅಂಗಿ ನೋಡಿಲ್ಲಿ, ನಮ್ಮವರ ಹರದಾರ. ತುತೂರಿಯವನ ತುಟಿ ಒಡದ ರಕ್ತ ಬರಾಕತ್ತೈತಿ. ಬಿಡು ಅಂದ್ರ ಬಿಡವಲ್ಲ. ನಿಂದೇನು?"

"ಪೀಪಿಯವಗ ದಮ್ಮ ಐತ್ರಿ."

ಅವರು ನನ್ನ ಭುಜದ ಮೇಲಿಂದ ಭೀಮಪ್ಪನನ್ನು ನೋಡಿದರು. ಮುಖ ಬದಲಾಯಿತು.

ಮುಂದಿನದು ಯಾರಿಗೆ ಹೊಳೆಯಿತು ಎಂಬಲ್ಲಿ ನನ್ನ ನೆನಪು ನಂಬುವಂಥದ್ದಲ್ಲ. ಬಹಳ ದಿನ ನನಗೇ ಹೊಳೆಯಿತು ಎಂದು ಹೇಳಿಕೊಂಡು ಬಂದೆ. ಈಗ ಕೂತು ಯೋಚಿಸಿದರೆ ಮಾತು ಅವರ ಬಾಯಿಂದ ಬಂದಂತೆ ಕೇಳಿಸುತ್ತದೆ. ಉಪಾಯ ಇಷ್ಟು: ನಮ್ಮವರು ನಮ್ಮ ಕೈಗೆ ನಿಲ್ಲುವುದಿಲ್ಲ, ಆದರೆ ದೊಡ್ಡ ಡ್ರಮ್ಮು ನಿಂತರೆ ಯಾವ ಬ್ಯಾಂಡಿಗೂ ಕಾಲು ನಿಲ್ಲುವುದಿಲ್ಲ. ನಮ್ಮ ಡ್ರಮ್ಮನ್ನು ನಾನು ಹಿಡಿದರೆ ಅದು ಸೋಲು. ಎದುರಿನವನು ಬಂದು ಹಿಡಿದರೆ ಅದು ದಾಂಧಲೆ. ದಾಂಧಲೆಯಿಂದ ವಾದ್ಯ ನಿಂತರೆ ಯಾರ ಮಾನವೂ ಹೋಗುವುದಿಲ್ಲ.

"ನೀ ನಂದು ಹಿಡಿ, ನಾ ನಿಂದು ಹಿಡೀತೇನಿ. ಕೂಡೇ ಹಿಡೀಬೇಕ ನೋಡು" ಎಂದರು ದಾವಲಸಾಬರು.

ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಓಡಿದೆವು. ಹುಕ್ಕೇರಿಯ ಡ್ರಮ್ಮನ್ನು ನಾನು ಎರಡೂ ತೋಳಿನಿಂದ ತಬ್ಬಿಕೊಂಡೆ. ಬಾರಿಸುವವನು ನಿಲ್ಲಿಸುವ ಮೊದಲು ಒಂದೆರಡು ಪೆಟ್ಟು ನನ್ನ ಮೊಣಕೈಗೆ ಬಿದ್ದವು. ಡೈರಿಯಲ್ಲಿರುವ ಕೈ ನೋವು ಅದೇ. ಡ್ರಮ್ಮು ಸತ್ತ ಕೂಡಲೇ ಅವರ ಝಾಂಜು ತಪ್ಪಿತು, ತುತ್ತೂರಿಗಳು ಒಂದರ ಹಿಂದೊಂದು ಬಿದ್ದವು. ಹಿಂದೆ ನಮ್ಮ ಡ್ರಮ್ಮೂ ನಿಂತದ್ದು ಕೇಳಿತು. ನಮ್ಮ ತುತ್ತೂರಿಗಳೂ ನಿಂತವು. ಒಮ್ಮೆಲೇ ಸದ್ದು ಹೋಗಿ ಓಣಿ ಬರಿದಾಯಿತು.

ಆ ಬರಿದಾದ ಓಣಿಯಲ್ಲಿ ಒಂದು ಕ್ಲಾರಿನೆಟ್ ಮಾತ್ರ ನುಡಿಯುತ್ತಿತ್ತು.

ತಾಳವಿಲ್ಲ, ತುತ್ತೂರಿಗಳ ತುಂಬು ಇಲ್ಲ. ಭಜನೆಯ ಧಾಟಿ ಒಂಟಿಯಾಗಿ, ತೆಳ್ಳಗೆ, ಅಲ್ಲಲ್ಲಿ ಹರಿಯುತ್ತ ಬರುತ್ತಿತ್ತು. ನಾನು ಡ್ರಮ್ಮು ಬಿಟ್ಟು ತಿರುಗಿದೆ. ಜನ ನುಗ್ಗಿ ನಡುವಿನ ಜಾಗ ತುಂಬಿಬಿಟ್ಟಿದ್ದರು, ದಾಟಿ ಹೋಗಲಾಗಲಿಲ್ಲ. ನಮ್ಮ ಕಡೆಯವರು ಕುಣಿಯುತ್ತಿದ್ದರು. ಅವರ ಪಾಲಿಗೆ ಲೆಕ್ಕ ಸರಳ: ಹುಕ್ಕೇರಿಯವರ ವಾದ್ಯ ನಿಂತಿದೆ, ನಮ್ಮದು ಇನ್ನೂ ನುಡಿಯುತ್ತಿದೆ. ತಲೆಗಳ ಮೇಲಿಂದ ನನಗೆ ಕಂಡದ್ದು ಇಷ್ಟು: ದಾವಲಸಾಬರು ಭೀಮಪ್ಪನ ಬೆನ್ನಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ, ಮಗುವಿನ ಬಾಯಿಂದ ಬೆರಳು ಬಿಡಿಸುವ ಹಾಗೆ, ವಾದ್ಯವನ್ನು ಮೆಲ್ಲಗೆ ಬಿಡಿಸಿದರು. ಭೀಮಪ್ಪ ಅವರ ಮೇಲೆಯೇ ಕುಸಿದ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಅವನನ್ನು ಗೋಡೆಗೆ ಒರಗಿಸಿ ಮುಂದಕ್ಕೆ ಬಾಗಿಸಿ ಕೂಡ್ರಿಸಿದ್ದರು. ಎದೆಯಿಂದ ಸೀಟಿಯಂಥ ಸಪ್ಪಳ ಬರುತ್ತಿತ್ತು. ಬರುತ್ತಿತ್ತು ಎನ್ನುವುದೇ ಸಮಾಧಾನ. ಕಣಗಲಾದ ಹಿರಿಯನೊಬ್ಬ ದಾವಲಸಾಬರ ಮೇಲೆ ಕೂಗಾಡುತ್ತಿದ್ದ. ಅವರು ಅವನ ಕಡೆ ತಿರುಗದೆ ನನಗೆ ಹೇಳಿದರು: "ಸೋಲು ನಮ್ಮ ಕಡೀಗೆ ಇರಲಿ ಬಿಡೋ ತಮ್ಮಾ. ಮೊದಲ ಇವಗ ಬಿಸಿನೀರ ಕುಡಸು."

ಕಣಗಲಾದವರು ಗೋಡೆಗೆ ಸರಿದರು. ನಮ್ಮ ಮದುಮಗನ ಕುದುರೆ ಅವರ ಮುಂದಿನಿಂದ ಹಾದುಹೋಯಿತು. ಅಕ್ಕಿಕಾಳು ಎರಡೂ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಬಿದ್ದವು. ಸಾವಕಾರರು ಪಂಕ್ತಿಯಲ್ಲಿ ನನ್ನನ್ನು ಕಮಿಟಿಯವರ ನಡುವೆ ಕೂಡ್ರಿಸಿ, "ನಮ್ಮ ಮಾಸ್ತರ ಏನ ಸಾದಾ ಮನಶ್ಯಾ ಅಂದಿರೇನು? ಹೋಗಿ ಅವರ ಡ್ರಮ್ಮ ಅಪಗೊಂಡ ನಿಂತರಿ" ಎಂದು ನಗಿಸಿದರು. ಸಂಗೀತದ ತಾಸು ಉಳಿಯಿತು. ಗಣಿತದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಭೀಮಪ್ಪ ಮಾತ್ರ ಬ್ಯಾಂಡಿಗೆ ಬರಲಿಲ್ಲ. ಜಿನ್ನಿನ ಕೆಲಸವನ್ನೂ ಬಿಟ್ಟು ಮೇಲವಂಕಿಗೆ ಹೋದನೆಂದು ತಿಳಿಯಿತು. ಇತ್ತ ಅವನ ಕೀರ್ತಿ ಹಬ್ಬುತ್ತಲೇ ಇತ್ತು. ಬ್ಯಾಂಡು ಗೊತ್ತು ಮಾಡಲು ಬಂದವರೆಲ್ಲ ಆ ನಿಲ್ಲದ ಪೀಪಿಯವನು ಬರುತ್ತಾನೋ ಎಂದು ಮೊದಲು ಕೇಳುತ್ತಿದ್ದರು. ನನಗೆ ಬೇಸರವಾಗಿತ್ತು. ವಾದ್ಯಕ್ಕೆ ಕೈ ಹಾಕಿದ್ದಕ್ಕೆ ಸಿಟ್ಟಾಗಿದ್ದಾನೆ, ಮಾನದ ಮುಂದೆ ಪ್ರಾಣ ದೊಡ್ಡದಲ್ಲ ಎನ್ನುವ ಮನುಷ್ಯ ಎಂದೆಲ್ಲ ನನ್ನೊಳಗೇ ತೀರ್ಮಾನಿಸಿಕೊಂಡೆ. ಗೆಳೆಯರಿಗೆ ಹಾಗೆಯೇ ವರ್ಣಿಸಿ ಹೇಳಿದೆ.

ಮಳೆಗಾಲ ಮುಗಿದ ಮೇಲೆ ಮೇಲವಂಕಿಗೆ ಹೋದೆ. ಅವನು ಮನೆಯ ಮುಂದೆ ಕೂತು ಕಂಬಳಿಗೆ ನೂಲು ತೆಗೆಯುತ್ತಿದ್ದ. ಎದೆಯ ಸಪ್ಪಳ ತಗ್ಗಿತ್ತು. ಹಾಲು ಕೊಟ್ಟ. ಮಳೆ, ಕುರಿ, ಶಂಕ್ರಪ್ಪ ಎಲ್ಲರ ಸುದ್ದಿಯಾಯಿತು. ಕೊನೆಗೆ ನಾನೇ ಕೇಳಿದೆ.

"ನನ್ನ ಮ್ಯಾಲ ಸಿಟ್ಟೇನ ಭೀಮಪ್ಪಾ?"

"ಯಾತಕ್ರಿ?"

"ಅವತ್ತ ನಿನ್ನ ಪೀಪಿಗೆ ಕೈ ಹಾಕಿದೆ."

ಅವನು ನೂಲುವ ಕದಿರು ನಿಲ್ಲಿಸಿದ. "ನೀವು ಕೈ ಇಳಸಿದ್ದು ನಾ ನೋಡಿದ್ನಿರಿ ಮಾಸ್ತರ. ನಿಲ್ಲಬೇಕಂತ ಭಾಳ ಅನಸ್ತು. ನಿಲ್ಲಾಕ ಬರಲಿಲ್ಲ."

"ಮಂದಿ ಏನಂದಾರು ಅಂತನಾ?"

"ಮಂದಿ ಎಲ್ಲಿ ನೆನಪ ಇದ್ರುರಿ? ಪೀಪಿ ಬಾಯಾಗ ಇರೂತನಕ ಉಸರಿಗೆ ಹೋಗೂ ಹಾದಿ ಗೊತ್ತಿತ್ತು. ಬಾಯಿ ಬಿಟ್ನಿ ಅಂದ್ರ ಮುಂದಿನ ಉಸರ ಬರೂದಿಲ್ಲಂತ ಅನಸಾಕತ್ತಿತ್ತು. ಅದಕ್ಕ ಊದಿದ್ನಿ. ನೀವು ಎದರಿಗೆ ಬಂದ ನಿಂತಾಗ, ಹೆಂಗ ನಿಲ್ಲಸಬೇಕ ಹೇಳ್ರಿ ಅಂತ ನಿಮ್ಮನ್ನ ನೋಡಿದ್ನಿ."

ನಾನು ಹಾಲಿನ ಲೋಟ ಕೆಳಗಿಟ್ಟೆ.

"ಈಗ್ಯಾಕ ಬರವಲ್ಲಿ ಹಂಗಾರ?"

"ಮಂದಿ ನಿಲ್ಲದಾವ ಬೇಕಂತಾರಲ್ಲರಿ. ನನಗ ಅಂಜಿಕಿ ಬರತೈತಿ."

ಸೊಕ್ಕೆಂದು ನಾನು ತಿಳಿದಿದ್ದ ಅವನ ನೋಟ ಸಹಾಯದ ಕೇಳಿಕೆಯಾಗಿತ್ತು. ಆ ಓಣಿಯಲ್ಲಿ ಸಿಕ್ಕಿಬಿದ್ದವರು ನಾನು, ಸಾವಕಾರರು, ದಾವಲಸಾಬರು ಎಂದು ಎಣಿಸಿಕೊಂಡಿದ್ದೆ. ಎಲ್ಲರಿಗಿಂತ ಇಕ್ಕಟ್ಟಿನಲ್ಲಿದ್ದವನು ಕ್ಲಾರಿನೆಟ್ಟಿನ ಮರದ ಕೊಳವೆಯೊಳಗೆ ಇದ್ದ, ಅದರಿಂದ ಹೊರಬರುವ ದಾರಿ ಯಾರೂ ಅವನಿಗೆ ತೋರಿಸಿರಲಿಲ್ಲ. ಕಡಿಯದೆ ಮುಂದುವರಿಯುವುದನ್ನು ಆ ಬ್ಯಾಂಡಿಗೆ ತಿಂಗಳುಗಟ್ಟಲೆ ಕಲಿಸಿದ್ದೆ. ನಿಲ್ಲುವುದು ಕಲಿಯಬೇಕಾದ ಪಾಠವೆಂದು ನನಗಾಗಲಿ, ನನಗೆ ಕಲಿಸಿದ ಹವಾಲ್ದಾರನಿಗಾಗಲಿ ತೋಚಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಶಾಲೆಯಲ್ಲಿರಲಿ, ಬ್ಯಾಂಡಿನಲ್ಲಿರಲಿ, ನನ್ನ ಮೊದಲ ಪಾಠ ನಿಲ್ಲುವುದೇ ಆಯಿತು. ಹಾಡಿನ ಯಾವ ಜಾಗದಲ್ಲಾದರೂ, ಚರಣದ ನಡುವೆ, ಸ್ವರದ ನಡುವೆ, ಕೈ ಇಳಿದರೆ ನಿಲ್ಲಬೇಕು. ವಾದ್ಯವನ್ನು ತುಟಿಯಿಂದ ತೆಗೆದು ಕೆಳಗೆ ಹಿಡಿಯಬೇಕು. ಮೂಗಿನಿಂದ ಉಸಿರು ತೆಗೆದುಕೊಂಡು ಸುಮ್ಮನೆ ನಿಲ್ಲಬೇಕು. ಹುಡುಗರಿಗೆ ಇದು ಆಟ. ದೊಡ್ಡವರಿಗೆ ಬಹಳ ಕಷ್ಟ. ಎದುರುಬದುರಾಗುವ ಓಣಿಗಳಿಗೆ ನಮ್ಮ ಬ್ಯಾಂಡು ಹೋಗುವುದಿಲ್ಲ ಎಂದು ಸಾವಕಾರರಿಗೆ ಹೇಳಿದೆ. ಅವರು ಒಂದು ತಿಂಗಳು ಮಾತು ಬಿಟ್ಟರು, ಆಮೇಲೆ ತಾವೇ ಮಾತಾಡಿಸಿದರು. ವೃತ್ತಿಯಿಂದ ನಾನು ಕಲಿತದ್ದು ಏನೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ: ನಿಮ್ಮ ಕೈಗೆ ಒಬ್ಬ ನಿಲ್ಲದೆ ಹೋದಾಗ ಅವನಿಗೆ ನಿಲ್ಲುವ ಮನಸ್ಸಿಲ್ಲ ಎಂದುಕೊಳ್ಳುವ ಮೊದಲು, ಅವನಿಗೆ ನಿಲ್ಲಲು ಬರುತ್ತದೆಯೇ ಎಂದು ನೋಡಬೇಕು.

ನಾನು ಮೇಲವಂಕಿಗೆ ಹೋಗಿಬಂದ ವರ್ಷದ ಚಳಿಗಾಲದಲ್ಲೇ ಒಂದು ಸಂಜೆ ಭೀಮಪ್ಪ ಶೆಡ್ಡಿಗೆ ಬಂದ. ಊದುವುದಿಲ್ಲ, ಸುಮ್ಮನೆ ಕೂಡುತ್ತೇನೆ ಎಂದ. ಸ್ವಲ್ಪ ಹೊತ್ತಾದ ಮೇಲೆ ತಾನೇ ಕ್ಲಾರಿನೆಟ್ ತೆಗೆದುಕೊಂಡು ಶಂಕ್ರಪ್ಪನ ಪಕ್ಕದಲ್ಲಿ ಕೂತ. ಧಾಟಿ ಎತ್ತಿದರು. ಮೊದಲ ಚರಣದ ನಡುವೆ ನಾನು ಕೈ ಇಳಿಸಿದೆ. ಎಲ್ಲ ನಿಂತವು. ಭೀಮಪ್ಪನದು ಒಂದು ಕ್ಷಣ ತಡವಾಗಿ ನಿಂತಿತು. ಅವನು ವಾದ್ಯವನ್ನು ತುಟಿಯಿಂದ ಬಿಡಿಸಿ, ಮೊಣಕಾಲಿನ ಮೇಲೆ ಇಟ್ಟು, ಕಣ್ಣು ಮುಚ್ಚಿದ. ಅವನ ಎದೆ ಏರಿತು, ಇಳಿಯಿತು, ಮತ್ತೆ ಏರಿತು.

"ಬರತೈತ್ರಿ" ಎಂದ ಭೀಮಪ್ಪ.